ಮುಝಮ್ಮಿಲ್ ಒಬ್ಬನೇ ಓಡಿದ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲ ಪಾಯ್ಸ್ ಅವರೇ, ನಿಮ್ಮ ಮಂಡಿನೋವು ಈಗ ಹೇಗಿದೆ? ವಾರ್ಷಿಕ ವರದಿ ಓದಿದ ಫೆಲ್ಸಿ ಮೇಡಂ, ಗಂಟಲು ಸರಿಹೋಯಿತೇ? ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ನನ್ನ ಮೊಮ್ಮಗ ಧನುಷ್, ನಿದ್ದೆ ಬಂತೇನಪ್ಪಾ? ಸಭಿಕರೇ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ.

ದ್ವಾರಕನಾಥ ಎಂಬ ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಬಾಸ್ಕೆಟ್‌ಬಾಲನ್ನು ನೋಡಿ ನೋಡಿ ಕಲಿತವನು. ತಂಡದ ಬಗ್ಗೆ ಎರಡು ಒಳ್ಳೆಯ ಮಾತಾಡಿ ಎಂದು ಕರೆದಿರಿ. ಅಂಥ ಮಾತಿದ್ದಿದ್ದರೆ ಆಡುತ್ತಿದ್ದೆ.

ವರದಿಯಲ್ಲಿ ಒಂದು ಸಾಲಿದೆ: ‘ಮುಝಮ್ಮಿಲ್‌ನ ನಿಧಾನದಿಂದ ಫೈನಲ್ ಸೋತೆವು.’ ಅಚ್ಚಾಗುವ ಮೊದಲು ಅದನ್ನು ತೆಗೆಯಿರಿ ಎಂದು ಕೇಳಲು ನಿಂತಿದ್ದೇನೆ.

ನಮ್ಮ ಯೋಜನೆ ಏನಿತ್ತು? ಚೆಂಡು ಬುಟ್ಟಿಯ ಹತ್ತಿರ ಬಂದರೆ ಐವರೂ ಒಳಗೆ ಸೇರಿ ಗೋಡೆ ಕಟ್ಟುವುದು. ಗೋಡೆಯೇನೋ ಚೆನ್ನಾಗಿತ್ತು. ಹೊರಗೆ ಯಾರಿದ್ದರು? ಎದುರಾಳಿಗಳು ಚೆಂಡನ್ನು ಹೊರಗೆಸೆದರು. ದೂರದಿಂದ ಹಾಕಿದರೆ ಮೂರು ಪಾಯಿಂಟು ಸಿಗುವ ಗೆರೆಯಾಚೆ ನಿಂತ ಅವರವನು ಚಹಾ ಕುಡಿಯುವಷ್ಟು ಪುರುಸೊತ್ತಿನಿಂದ ಗುರಿಯಿಟ್ಟ. ಮತ್ತೆ ಹೊರಗೆಸೆದರು, ಮತ್ತೆ ಮೂರು ಪಾಯಿಂಟು.

ಈ ಹುಡುಗರು ಆಟ ಕಲಿತದ್ದು ಇಲ್ಲೇ, ಕೊಲ್ಲಿ ನಾಡಿನ ಈ ಊರಿನ ಅಲ್ ನಹ್ದಾ ಬಡಾವಣೆಯ ನಮ್ಮ ಕಟ್ಟಡದ ಪಾರ್ಕಿಂಗ್ ಪಕ್ಕದ ಕೋರ್ಟಿನಲ್ಲಿ. ದೂರದಿಂದ ಎಸೆದರೆ ಚೆಂಡು ಕಾರಿನ ಮೇಲೆ. ‘ಯಲ್ಲಾ, ಅಂದರ್ ಜಾಕೆ ಮಾರೋ! ದೂರ್ ಸೇ ಮಾಫಿ!’ ಒಳಗೆ ಹೋಗಿ ಹಾಕಿ, ದೂರದಿಂದ ಕೂಡದು ಎಂದು ವಾಚ್‌ಮನ್ ಗದರುತ್ತಿದ್ದ. ಹಾಗಾಗಿ ದೂರದ ಹೊಡೆತಕ್ಕೆ ಅಂಕವೇ ಇಲ್ಲವೆಂದು ಹುಡುಗರೇ ನಿಯಮ ಮಾಡಿಕೊಂಡರು. ಅಂಕವಿಲ್ಲದ ಕಡೆ ಕಾವಲು ಯಾಕೆ? ಹೊರಗೆ ಕಾಯುವುದನ್ನು ಕಲಿಯಲೇ ಇಲ್ಲ. ಕಾಲೇಜಿಗೆ ಬಂದ ಮೇಲೂ ಯಾರೂ ಕಲಿಸಲಿಲ್ಲ.

ಫೈನಲ್‌ನಲ್ಲಿ ಮುಝಮ್ಮಿಲ್ ಮಾತ್ರ ಹೊರಗೆ ಓಡಿದ. ತನ್ನ ಮೂಲೆಗೆ, ಜೊತೆಯವರ ಮೂಲೆಗೆ. ಪ್ರತಿ ಸಲ ತಡವಾಗಿ ತಲುಪಿದ. ತಡವಾದವನು ಎಲ್ಲರಿಗೂ ಕಂಡ. ಓಡದೆ ನಿಂತವರು ಯಾರಿಗೆ ಕಂಡರು? ಚೆಂಡು ಹೊರಗೆ ಹೋದಾಗ ಬಲ ಮೂಲೆ ಕಾಯುವ ಪಾಲು ಯಾರದಾಗಿತ್ತು? ನನ್ನ ಮೊಮ್ಮಗನದು.

ಮನೆಯಲ್ಲಿ ಕೇಳಿದೆ. ‘ಲೀವ್ ಇಟ್ ತಾತ, ಗೇಮ್ ಈಸ್ ಓವರ್’ ಎಂದ. ‘ಮುಝಮ್ಮಿಲ್‌ಗೆ ಒಂದು ಫೋನಾದ್ರೂ ಮಾಡಿದ್ಯೇನೋ?’ ‘ವಾಟ್ ವಿಲ್ ಐ ಸೇ?’ ಎಂದು ಬಾಗಿಲು ಹಾಕಿಕೊಂಡ. ಮಗ ಸೊಸೆಗೆ ಆಫೀಸು. ಆ ಮನೆಯಲ್ಲಿ ನನ್ನೊಡನೆ ಕೂತು ಕನ್ನಡದಲ್ಲಿ ಹರಟುತ್ತಿದ್ದವನು, ನಿಜ ಹೇಳಬೇಕೆಂದರೆ, ಧನುಷ್ ಜೊತೆ ಬರುತ್ತಿದ್ದ ಭಟ್ಕಳದ ಆ ಹುಡುಗ ಮುಝಮ್ಮಿಲ್ ಒಬ್ಬನೇ. ‘ತಾತಾ, ನಿಮ್ಮ ಮೊಮ್ಮಗನ ಕಾಲಿಗೆ ಗೋಂದು ಹಚ್ಚಿದ್ರಾ ಎಂತ? ನಾನೊಬ್ನೇ ಎಷ್ಟು ಕಡೆ ಓಡೂದು?’ ಎಂದು ನಗುತ್ತಿದ್ದ. ದೂರಿದ್ದು ಅಷ್ಟೇ. ಧನುಷ್ ಹೆಸರನ್ನು ಹೊರಗೆ ಎಲ್ಲೂ ಎತ್ತಲಿಲ್ಲ.

ಸೋಲನ್ನೆಲ್ಲ ತಲೆಗೆ ಕಟ್ಟಿಸಿಕೊಂಡ ಅವನು ಈಗ ಕಾಲೇಜು ಬಿಟ್ಟು, ಅಬುಧಾಬಿಯ ಖಾಲಿದಿಯಾದಲ್ಲಿ ಮಾವ ಹುಸೈನ್ ಅವರ ಅಂಗಡಿಯಲ್ಲಿ ಕೂರುತ್ತಿದ್ದಾನೆ. ಫೋನ್ ಎತ್ತುವುದಿಲ್ಲ. ಆ ಸಾಲು ತೆಗೆದರೆ ಬರುತ್ತಾನೆಯೇ? ಬರಲಾರ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೂ ತೆಗೆಯಿರಿ. ಬರದವನ ಬೆನ್ನ ಹಿಂದೆ ಸುಳ್ಳು ಉಳಿಯಬಾರದು.

ಸಂತೋಷದ ದಿನ ಕಹಿ ಮಾತು ಕೇಳಿಸಿಕೊಂಡಿರಿ, ನಿಮ್ಮೆಲ್ಲರ ತಾಳ್ಮೆಗೆ ಧನ್ಯವಾದ, ನಮಸ್ಕಾರ.

ಒಂದು ನಿಮಿಷ. ಇದನ್ನು ರೆಕಾರ್ಡ್ ಮಾಡುತ್ತಿದ್ದಾರೆ, ನಿನಗೂ ಕಳಿಸುತ್ತೇನೆ, ಮುಝಮ್ಮಿಲ್. ಧನುಷ್‌ಗೆ ಬರೆಯದಿದ್ದರೆ ಬೇಡ. ನನಗಾದರೂ ಎರಡು ಸಾಲು ಬೇಗ ಬರಿ, ಮಗಾ.