ಡಿಕ್ಕಿಯಲ್ಲಿದ್ದ ಮರದ ತುಂಡು

ಅಮೆರಿಕದ ಡುಲೂತ್‌ನಲ್ಲಿ ಏಪ್ರಿಲ್ ಬಂದರೂ ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಹೋಗಿರುವುದಿಲ್ಲ. ನನ್ನ ಸರದಿಗಾಗಿ ಗ್ಯಾರೇಜಿನಲ್ಲಿ ಕಾಯುತ್ತಿದ್ದೆ. ಮೆಕ್ಯಾನಿಕ್ ಆರ್ವಿಡ್, ಜ್ಯಾಕ್ ಮೇಲಿದ್ದ ಹಳೆಯ ಕಾರಿನ ಹಿಂದಿನ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿ ನೋಡಿದ. ಅಲುಗಲಿಲ್ಲ. ಕಾರಿನ ಒಡತಿ ಮಾರ್ಲಿಸ್ ಪಕ್ಕದಲ್ಲೇ ನಿಂತಿದ್ದರು.

“ಬ್ರೇಕ್ ಹಿಡ್ಕೊಂಡಿದೆ. ಹ್ಯಾಂಡ್‌ಬ್ರೇಕ್ ಎಳೆದಿದ್ರಾ?”

“ನಿನ್ನೆ ಮೊದಲನೇ ಸಲ ಎಳೆದೆ, ಸ್ಕೂಲ್ ಮುಂದಿನ ಇಳಿಜಾರಲ್ಲಿ. ಆಮೇಲೆ ಮನೆವರೆಗೂ ಕಿರ್ರೋ ಅಂತಿತ್ತು, ಸುಟ್ಟ ವಾಸನೆ ಬೇರೆ.”

“ರಸ್ತೆ ಉಪ್ಪಿಗೆ ಕೇಬಲ್ ತುಕ್ಕು ಹಿಡಿದಿದೆ. ಎಳೆದ್ರೆ ವಾಪಸ್ ಬರಲ್ಲ. ಇದು ಎಷ್ಟೋ ವರ್ಷದ ತುಕ್ಕು.”

“ಹೋದ ವಾರ ನನ್ನ ತಮ್ಮ ವರ್ನರ್ ನನಗೆ ಮಾರಿದ್ದಪ್ಪಾ. ಬ್ರೇಕೆಲ್ಲ ಚೆನ್ನಾಗಿದೆ ಅಂತ ಆಣೆ ಮಾಡಿದ್ದ.”

“ಡಿಕ್ಕೀಲಿರೋ ಮರದ ತುಂಡು ನಿಮ್ದಾ?”

“ಅವನದೇ. ಹಿಮದಲ್ಲಿ ಕಾರು ಜಾರದ ಹಾಗೆ ಭಾರಕ್ಕಿರಲಿ ಅಂದ.”

“ಭಾರಕ್ಕೆ ಎಲ್ರೂ ಮರಳಿನ ಮೂಟೆ ಇಡ್ತಾರೆ.” ಆರ್ವಿಡ್ ಅದನ್ನು ತಂದು ತೋರಿಸಿದ. “ಇಲ್ನೋಡಿ, ಓರೆಯಾಗಿ ಕೊಯ್ದಿದೆ. ಮೈತುಂಬ ಟಯರಿನ ಅಚ್ಚು. ಹ್ಯಾಂಡ್‌ಬ್ರೇಕ್ ಬದಲು ಇದನ್ನ ಚಕ್ರಕ್ಕೆ ಅಡ್ಡ ಕೊಡ್ತಿದ್ರು.”

“ಹಾಗಾದ್ರೆ ಅವನಿಗೆ ಗೊತ್ತಿತ್ತು.”

ಆರ್ವಿಡ್ ಬಟ್ಟೆಗೆ ಕೈ ಒರೆಸಿಕೊಂಡ.

“ದಿನಾ ಮೊಮ್ಮಗಳನ್ನ ಕೂರಿಸ್ಕೊಂಡು ಆ ಇಳಿಜಾರಲ್ಲಿ ಹೋಗ್ತೀನಿ ಅಂತಾನೂ ಗೊತ್ತಿತ್ತು. ಅವನಿಗೆ ಕಾರು ಓಡ್ಸೋದು ಕಲ್ಸಿದ್ದೇ ನಾನು.”

“ಸರಿ ಮಾಡೋಕೆ ಸಂಜೆ ಆಗುತ್ತೆ. ಈ ತುಂಡು ಬಿಸಾಕ್ಲಾ?”

“ಬೇಡ, ಕೊಡು. ನಾಳೆ ಭಾನುವಾರ, ಅಮ್ಮನ ಮನೇಲಿ ಊಟಕ್ಕೆ ಅವನೂ ಬರ್ತಾನೆ. ತಟ್ಟೆಗೆ ಇದನ್ನೇ ಬಡಿಸ್ತೀನಿ.”

ತುಂಡನ್ನು ಕಂಕುಳಲ್ಲಿ ಅವಚಿಕೊಂಡು ಮಾರ್ಲಿಸ್ ಬಸ್ ನಿಲ್ದಾಣದ ಕಡೆ ಇಳಿದು ಹೋದರು.