ಬೇಳೆ ಬೇಯದ ನೀರು

ಮೊದಲೇ ತಪ್ಪಾಯ್ತು ಅಂದುಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ಸಮಾಧಾನವೂ ಆಗುವುದಿಲ್ಲ. ಆದರೆ ಇದು ನಡೆದದ್ದು. ಗುಮ್ಮಳಾಪುರದಲ್ಲಿ, ನನ್ನ ಚಿಕ್ಕಪ್ಪನ ಮಗ ಚಿರಂಜೀವಿಗೆ, ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುತ್ತಿದ್ದ ಈ ವರ್ಷವೇ.

ಅವನು ಹೊಸೂರಿನ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ, ಕೊನೇ ಬಸ್ಸಿಳಿದು, ಆಲದ ಮರದ ಕೆಳಗಿನ ಸೇದೋ ಬಾವಿ ದಾಟಿ ಮನೆಗೆ ನಡೆಯಬೇಕು. ಮನೆಯಲ್ಲಿ ಗಾಜಿನ ತೊಟ್ಟಿ. ಅದರಲ್ಲಿ ಆಫ್ರಿಕಾದ ಸಿಕ್ಲಿಡ್ ಮೀನು. ಅವಕ್ಕೆ ಗಡಸು ನೀರೇ ಆಗಬೇಕು. ಆ ಬಾವಿಯದು ಬೇಳೆ ಬೇಯದ ನೀರು, ಊರವರು ಕುಡಿಯುವುದಿಲ್ಲ. ಇನ್ನೊಂದು ಹೇಳಬೇಕು. ಈ ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಉಪವಾಸವಿದ್ದು ಮರಿ ಮಾಡುತ್ತದೆ. ಆಗ ಅದನ್ನು ಹಿಡಿದು ಬೇರೆ ಕಡೆ ಬಿಟ್ಟರೆ ಹೆದರಿ ನುಂಗಿಬಿಡಬಹುದು. ಚಿರಂಜೀವಿಯ ನೀಲಿ ಮೀನು ಮೊದಲ ಸಲ ಬಾಯಿ ತುಂಬಿಕೊಂಡಿತ್ತು.

ಆ ಬಾವಿಗೊಂದು ಕಟ್ಟಳೆ ಇದೆ. ದೀಪ ಹಚ್ಚಿದ ಮೇಲೆ ಸೇದಿದರೆ ಮೊದಲ ಬಿಂದಿಗೆಯನ್ನು ಬಾವಿಗೇ ಸುರಿಯಬೇಕು. ಅದು ಯಾರ ಪಾಲು ಅಂತ ಯಾರೂ ಹೇಳುವುದಿಲ್ಲ. ಅವತ್ತು ಅವನು ಬಂದಾಗ ಕರೆಂಟಿಲ್ಲ, ತೊಟ್ಟಿಗೆ ಗಾಳಿ ಊದುವ ಮೋಟಾರು ನಿಂತಿದೆ, ಮೀನುಗಳು ಮೇಲೆ ಬಂದು ಒದ್ದಾಡುತ್ತಿವೆ. ಹೊಸ ನೀರು ಸುರಿದರೆ ಅವಕ್ಕೆ ಉಸಿರಾದೀತೆಂದು ಬಿಂದಿಗೆ ಹಿಡಿದು ಬಾವಿಗೆ ಓಡಿದ. ಸೇದಿದ. ತಂದು ತೊಟ್ಟಿಗೆ ಹಾಕಿದ.

ಆ ರಾತ್ರಿಯೇ... ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆಮೇಲೆ ಗುಳುಕ್... ಗುಳುಕ್... ಬಿಂದಿಗೆ ಮುಳುಗಿ ತುಂಬುವ ಸದ್ದು.

"ರೀ... ಯಾರೋ ನೀರ್ ಸೇದ್ತಾವ್ರೆ," ಹೆಂಡತಿ ಭಾನು ಪಿಸುಗುಟ್ಟಿದಳು.

"ಬಾವಿ ಅಷ್ಟ್ ದೂರ ಐತೆ. ಮಲಿಕ್ಕೊ."

"ಬಾವಿ ತಾವಲ್ಲ... ನಮ್ ತೊಟ್ಟೀಲಿ."

ಬೆಳಿಗ್ಗೆ ನೋಡಿದರೆ ತೊಟ್ಟಿಯ ನೀರು ಒಂದು ಬಿಂದಿಗೆಯಷ್ಟು ಇಳಿದಿತ್ತು. ಗಾಜು ಬಿರುಕು ಬಿಟ್ಟಿರಲಿಲ್ಲ. ನೆಲ ಒಣಗಿತ್ತು. ಮತ್ತೆ ತುಂಬಿಸಿದ. ರಾತ್ರಿ ಮತ್ತೆ ಕಿರ್ರ್... ಈ ಸಲ ಇನ್ನೂ ಹೆಚ್ಚು ಇಳಿಯಿತು. ಹೀಗೇ ಆಗಿ ಆಗಿ, ಒಂದು ಬೆಳಿಗ್ಗೆ ತಾಯಿಮೀನಿನ ಬೆನ್ನು ನೀರಿನ ಮೇಲೆ ಕಾಣುತ್ತಿತ್ತು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು.

ಅಜ್ಜಿ ಪಿಳ್ಳಮ್ಮ ಬಗ್ಗಿ ನೋಡಿ ಕೇಳಿತು, "ಮೊದಲ್ನೇ ಬಿಂದಿಗೆ ಸುರಿದ್ಯೇನ್ಲಾ?"

ಅವನು ಮೂಲೆಯಲ್ಲಿದ್ದ ಬಿಂದಿಗೆಯ ಕಡೆ ನೋಡಿದ.

"ಅಷ್ಟ್ ದೊಡ್ ಮಿಷನ್ ನಡೆಸ್ತೀಯ, ಒಂದ್ ಬಿಂದಿಗೆ ಬಗ್ಸಕ್ಕಾಗ್ಲಿಲ್ವಾ? ಕತ್ಲಾದ್ಮೇಲೆ ಹೋಗಿ ಕೊಟ್ಬುಡು. ತಿರುಗ್ ನೋಡ್ಬ್ಯಾಡ."

ಹಗಲಲ್ಲೇ ತೊಟ್ಟಿ ತುಂಬಿಸಿಟ್ಟು, ಕತ್ತಲಾದ ಮೇಲೆ ಅದರಿಂದಲೇ ಒಂದು ಬಿಂದಿಗೆ ಮೊಗೆದುಕೊಂಡು ಹೋದ. ಕಣ್ಣು ಮುಚ್ಚಿ ಬಾವಿಗೆ ಸುರಿದ. ನೀರಿಗೆ ನೀರು ಬಿದ್ದ ಸದ್ದು ಬರಲಿಲ್ಲ... ಕೆಳಗೆ ಯಾರೋ ಬಿಂದಿಗೆ ಒಡ್ಡಿ ಹಿಡಿದ ಹಾಗೆ, ತುಂಬುವ ಸದ್ದು ಬಂತು. ಗುಳುಕ್... ಗುಳುಕ್...

ಆಮೇಲೆ ಅವನ ತೊಟ್ಟಿಯ ನೀರು ಇಳಿದಿಲ್ಲ. ಮರಿಗಳೂ ಆದವು. ದೊಡ್ಡವಾದ ಮೇಲೆ ನನಗೂ ಒಂದು ಜೊತೆ ಕೊಟ್ಟ. ನಮ್ಮೂರು ರಾಯಕೋಟೆಗೆ ಹೊರಡುವಾಗ ಕ್ಯಾನಿನಲ್ಲಿ ಆ ಬಾವಿ ನೀರನ್ನೂ ತುಂಬಿಕೊಂಡೆ. ಆಗ ಇನ್ನೂ ಬೆಳಕಿತ್ತು. ಇತ್ತು ಅಂತಲೇ ನನ್ನ ನೆನಪು.

ನೀವು ನಂಬದಿದ್ದರೂ ಇದು ನಡೆದದ್ದು. ನಮ್ಮ ಮನೆಯಲ್ಲಿ ಮಾತ್ರ ಅಂಥದ್ದೇನಿಲ್ಲ. ತೊಟ್ಟಿಯ ನೀರು ನಿನ್ನೆ ಕೊಂಚ ಕಮ್ಮಿಯಾಗಿತ್ತು, ಅಷ್ಟೆ. ಸೆಕೆಗೆ ನೀರು ಆವಿಯಾಗುವುದು ಸಹಜ, ಅದರಲ್ಲೂ ಮುಚ್ಚಳ ಸರಿಯಾಗಿ ಕೂರದಿದ್ದರೆ...

ಇರಿ. ಒಳಗಿನಿಂದ ನನ್ನ ಹೆಂಡತಿ ಮಾಲಿನಿ ಕರೆಯುತ್ತಿದ್ದಾಳೆ. ಮೆಲ್ಲಗೆ.

"ರೀ... ನಮ್ ಬೀದೀಲಿ ಬಾವಿ ಎಲ್ಲೈತೆ?"