ಹಂದಿಹುಚ್ಚಿನ ಮಾತ್ರೆ

ಹಲೋ... ಹಲೋ, ಯಾರು ಮಾತಾಡೋದು?... ಸವನ್ನಖೇತ್‌ನಿಂದಾ? ಅಯ್ಯೋ, ಅತ್ತೆ! ನಾನೇ, ವಿಲಾಯ್. ಬರೋ ಭಾನುವಾರದಿಂದ ನಿಮ್ಮ ಸೊಸೆ! ಗಂಟಲು ಕಟ್ಟಿದೆಯಾ, ಗುರುತೇ ಸಿಗ್ಲಿಲ್ಲ...

ಏನಂದ್ರಿ?... ಯಾರು ಹೇಳಿದ್ರು ನಿಮಗೆ?... ಔಷಧಿ ಅಂಗಡಿಯವಳಾ? ಅವಳ ಬಾಯಿಗೆ ಬೀಗ ಹಾಕ್ಬೇಕು! ಹೌದು, ನುಂಗ್ತೀನಿ. ಫಿನೋಬಾರ್ಬಿಟಾಲ್. ಒಂಬತ್ತು ವರ್ಷ ಆಯ್ತು, ದಿನಾ ಸಂಜೆ ಏಳಕ್ಕೆ...

ಹಂದಿಹುಚ್ಚು ಅನ್ಬೇಡಿ ಅತ್ತೆ. ಊರವರು ಅನ್ಲಿ, ನೀವು ಅನ್ಬೇಡಿ. ಮೂರ್ಛೆ ರೋಗ ಅದು, ಅಷ್ಟೇ...

ಹಾಂ?... ಮದುವೆ ಊಟಕ್ಕೆ ಹಂದಿ ಕಡೀಬಾರ್ದಾ? ತಿಂದ್ರೆ ನಾನು ಎಲ್ಲರೆದುರು ಬೀಳ್ತೀನಾ? ಹೋದ ವಾರ ಎರಡು ತಟ್ಟೆ ತಿಂದೆ, ಏನಾಯ್ತು? ಕಾಯಿಲೆಗೆ ಯಾರೋ ಆ ಹೆಸರಿಟ್ರೆ ಹಂದಿ ಏನು ಮಾಡತ್ತೆ, ಪಾಪ! ಅಪ್ಪ ಸಾಕಿದ್ದು, ಕಡಿಯೋದೇ...

ಮಾತ್ರೆ ಬಿಡೋದಾ?... ಗೊತ್ತು, ಮದುವೆ ದಿನ ಹಿರಿಯರು ಕೈಗೆ ಬಿಳಿ ದಾರ ಕಟ್ಟಿದ್ರೆ ಮೈಬಿಟ್ಟು ಹೋದ ಜೀವ ವಾಪಸ್ ಬರತ್ತೆ. ಮೊಣಕೈವರೆಗೂ ಕಟ್ಟಿಸ್ಕೋತೀನಿ. ಅದೇ ಕೈಯಲ್ಲಿ ಮಾತ್ರೆನೂ ನುಂಗ್ತೀನಿ...

ಇಲ್ಲ. ಮೂರು ದಿನ ಕೂಡ ಬಿಡಲ್ಲ. ಅಜ್ಜಿ ಮಾತು ಕೇಳಿ ಒಂದ್ಸಲ ಬಿಟ್ಟಿದ್ದೆ. ಅಂಟಕ್ಕಿ ಬೇಯ್ತಿದ್ದ ಒಲೆ ಮೇಲೇ ಬಿದ್ದೆ. ನನ್ನ ಎಡಗೈ ಕಲೆ ಏನು ಅಂತ ಕೇಳಿದ್ರಲ್ಲ ಅವತ್ತು? ಅದೇ...

ಮದುವೆ ನಿಲ್ಲಿಸ್ತೀರಾ?... ನಿಲ್ಲಿಸಿ. ಅಳ್ತೀನಿ, ತಿಂಗಳುಗಟ್ಟಲೆ ಅಳ್ತೀನಿ. ಅತ್ಕೊಂಡೇ ಮಾತ್ರೆ ನುಂಗ್ತೀನಿ...

ಕಮ್‌ಫೆತ್‌ಗೆ ಗೊತ್ತಿಲ್ಲ ಅಂತೀರಾ? ನಿಮ್ಮ ಮಗನಿಗೆ ಮೊದಲ ದಿನವೇ ಹೇಳಿದ್ದೀನಿ!... ಮನೇಲಿಲ್ವಾ? ಅವನ ನೀಲಿ ಜಾಕೆಟ್ ಇದೆಯಾ ಅಲ್ಲಿ? ಒಳಜೇಬಿಗೆ ಕೈ ಹಾಕಿ ನೋಡಿ. ಹೋಗಿ ಅತ್ತೆ, ಕಾಯ್ತೀನಿ. ಏಳು ಹೊಡೀತು, ನನ್ನ ಹೊತ್ತೂ ಆಯ್ತು...

ಹಾಂ, ನುಂಗಿದೆ. ಸಿಕ್ತಾ?... ಬಿಳಿ ಮಾತ್ರೆ, ಹತ್ತು, ಅಲ್ವಾ? ಹೆದರ್ಬೇಡಿ, ಅವನಿಗೇನೂ ಕಾಯಿಲೆ ಇಲ್ಲ. ನಾನು ಮಾತ್ರೆ ಮರೆತು ಎಲ್ಲಾದ್ರೂ ಹೋದ್ರೆ ಬೇಕಾಗತ್ತೆ ಅಂತ ಇಟ್ಕೊಂಡಿದ್ದಾನೆ. ಎರಡು ವರ್ಷದಿಂದ...

ಅತ್ತೆ?... ಜೇಬಿಗೇ ವಾಪಸ್ ಇಟ್ರಾ?...

ಏನು? ಸ್ವಲ್ಪ ಗಟ್ಟಿಯಾಗಿ... ಹಂದಿ ಎಷ್ಟು ದೊಡ್ಡದು ಅಂದ್ರಾ?... ನಿಮ್ಮ ಕಡೆಯವರೇ ನಲವತ್ತು ಜನಾನಾ? ಸಾಕಾಗತ್ತೆ ಅತ್ತೆ, ಸಾಕಾಗಿ ಮಿಗತ್ತೆ! ಮೊದಲ ತಟ್ಟೆ ಮಾತ್ರ ನಂದು, ನಿಮ್ಮ ಪಕ್ಕದಲ್ಲೇ ಕೂತು ತಿಂತೀನಿ, ನೋಡ್ತಾ ಇರಿ... ಹಲೋ?... ಹಲೋ...